ಮುಂಬೈ ರೀಜನ್‌ನಲ್ಲಿ ಇಕೆಎಸ್ ಕ್ಲಸ್ಟರ್: ಟೆರಾಫಾರ್ಮ್‌ನಿಂದ ಕಟ್ಟಿದ ಬಗೆ, ಕೆಡವಿದ ಬಗೆ

ನಾವು ಕಟ್ಟಿದ್ದು ಇಷ್ಟು: ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನ ಮುಂಬೈ ರೀಜನ್‌ನಲ್ಲಿ ಒಂದು ವಿಪಿಸಿ (ನಮ್ಮದೇ ಖಾಸಗಿ ನೆಟ್‌ವರ್ಕ್), ಅಲ್ಲಿನ ಮೂರೂ ಅವೈಲಬಿಲಿಟಿ ಝೋನ್‌ಗಳಲ್ಲಿ (ಬೇರೆಬೇರೆ ಡೇಟಾ ಸೆಂಟರ್ ಗುಂಪುಗಳು) ಸಬ್‌ನೆಟ್‌ಗಳು (ಆ ನೆಟ್‌ವರ್ಕ್‌ನ ತುಂಡುಗಳು), ಅವುಗಳ ಮೇಲೆ ಒಂದು ಇಕೆಎಸ್ ಕ್ಲಸ್ಟರ್ (ಕಂಟೇನರ್‌ಗಳನ್ನು ಓಡಿಸುವ ಕುಬರ್ನೆಟೀಸ್ ವ್ಯವಸ್ಥೆಯನ್ನು ಎಡಬ್ಲ್ಯೂಎಸ್ ನಡೆಸಿಕೊಡುವ ಸೇವೆ), ಮೊದಲಿಗೆ ಮೂರು ಎಂ6ಐ.ಲಾರ್ಜ್ ನೋಡ್‌ಗಳು (ಕೆಲಸ ಓಡುವ ಯಂತ್ರಗಳು). ಎಲ್ಲವೂ ಟೆರಾಫಾರ್ಮ್ (ಮೂಲಸೌಕರ್ಯವನ್ನು ಕೋಡ್ ಆಗಿ ಬರೆದು ಕಟ್ಟುವ ಸಾಧನ) ಕೋಡ್‌ನಿಂದಲೇ ಆಗಬೇಕು, ಕನ್ಸೋಲ್‌ಗೆ ಹೋಗುವುದು ನೋಡಲಿಕ್ಕೆ ಮಾತ್ರ ಎಂದು ಮೊದಲೇ ನಿಗದಿ ಮಾಡಿಕೊಂಡೆವು. ಮುಂಬೈ ಆರಿಸಿಕೊಳ್ಳಲು ಬೆಂಗಳೂರಿಗೆ ಹತ್ತಿರ ಎಂಬುದೊಂದೇ ಕಾರಣವಲ್ಲ. ಪಾವತಿ ವ್ಯವಸ್ಥೆಯ ಡೇಟಾ ಭಾರತದೊಳಗೇ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅಲ್ಲಿಂದೀಚೆಗೆ ಹಣದ ವ್ಯವಹಾರದ ತಂಡಗಳು ಸಿಂಗಪುರ, ಅಮೆರಿಕದ ರೀಜನ್‌ಗಳತ್ತ ನೋಡುವ ಹಾಗಿಲ್ಲ. 2022ರ ನವೆಂಬರ್‌ನಲ್ಲಿ ಹೈದರಾಬಾದ್ ರೀಜನ್ ಶುರುವಾದದ್ದರಿಂದ ಎರಡನೇ ಪ್ರತಿ ಇಡಲಿಕ್ಕೂ ದೇಶದೊಳಗೇ ಜಾಗ ಸಿಕ್ಕಿದೆ.

ಈ ಕೆಲಸದಲ್ಲಿ ಎಚ್‌ಸಿಎಲ್ (ಟೆರಾಫಾರ್ಮ್‌ನ ಭಾಷೆ) ಬರೆಯುವುದು ಸುಲಭದ ಭಾಗ. ಯಾವ ರಿಸೋರ್ಸ್ ಯಾರ ಒಡೆತನದಲ್ಲಿದೆ ಎಂದು ತೀರ್ಮಾನಿಸುವುದು ಕಷ್ಟದ ಭಾಗ. ಇಕೆಎಸ್‌ನಲ್ಲಿ ರಿಸೋರ್ಸ್ ಸೃಷ್ಟಿಸುವವರು ಮೂವರು. ಟೆರಾಫಾರ್ಮ್ ಸೃಷ್ಟಿಸಿದ್ದು ಅದರ ದಾಖಲೆಯಾದ ಸ್ಟೇಟ್ ಫೈಲ್‌ನಲ್ಲಿರುತ್ತದೆ. ಕ್ಲಸ್ಟರ್ ಒಳಗಿನ ಕಂಟ್ರೋಲರ್‌ಗಳು (ಸ್ವಯಂಚಾಲಿತ ಪ್ರೋಗ್ರಾಂಗಳು) ದಟ್ಟಣೆ ಹಂಚುವ ಲೋಡ್ ಬ್ಯಾಲೆನ್ಸರ್‌ಗಳನ್ನೂ ಇಬಿಎಸ್ ವಾಲ್ಯೂಮ್‌ಗಳನ್ನೂ, ಅಂದರೆ ಡಿಸ್ಕ್‌ಗಳನ್ನೂ, ತಾವೇ ಸೃಷ್ಟಿಸುತ್ತವೆ. ಟೆರಾಫಾರ್ಮ್‌ಗೆ ಅವುಗಳ ಸುದ್ದಿಯೇ ಗೊತ್ತಿರುವುದಿಲ್ಲ. ಇನ್ನು ಕ್ಲಸ್ಟರ್‌ನ ಸೆಕ್ಯುರಿಟಿ ಗ್ರೂಪ್, ನೆಟ್‌ವರ್ಕ್ ಇಂಟರ್‌ಫೇಸ್, ಲಾಗ್ ಗ್ರೂಪ್‌ನಂಥವನ್ನು ಎಡಬ್ಲ್ಯೂಎಸ್ ತಾನೇ ಹುಟ್ಟಿಸುತ್ತದೆ. ಕೆಳಗೆ ಬರುವ ತೊಂದರೆಗಳಲ್ಲಿ ಬಹುಪಾಲು ಈ ಮೂವರ ಗಡಿಯಲ್ಲೇ ಹುಟ್ಟುವಂಥವು.

ಸ್ಟೇಟ್‌ಗೆ ಮೊದಲು ಜಾಗ

ಸ್ಟೇಟ್ ಇಡುವ ಎಸ್3 ಬಕೆಟ್ (ಎಡಬ್ಲ್ಯೂಎಸ್‌ನ ಫೈಲ್ ಸಂಗ್ರಹ) ಎಲ್ಲಕ್ಕಿಂತ ಮೊದಲು ಬೇಕು. ಅದು ಹುಟ್ಟುವ ಮೊದಲು ಅದರ ಸ್ಟೇಟ್ ಅನ್ನು ಅದರೊಳಗೇ ಇಡಲು ಬರುವುದಿಲ್ಲವಾದ್ದರಿಂದ ಒಂದು ಪುಟ್ಟ ಪ್ರತ್ಯೇಕ ಡೈರೆಕ್ಟರಿಯಲ್ಲಿ ಬರೆದು, ಲೋಕಲ್ ಸ್ಟೇಟ್‌ನಿಂದ ಅಪ್ಲೈ ಮಾಡಿ (ಕೋಡ್ ಜಾರಿಗೆ ತಂದು), ಆಮೇಲೆ ‘ಟೆರಾಫಾರ್ಮ್ ಇನಿಟ್’ಗೆ ‘ಮೈಗ್ರೇಟ್-ಸ್ಟೇಟ್’ ಕೊಟ್ಟು ಬಕೆಟ್‌ಗೆ ಸಾಗಿಸಬೇಕು. ಬಕೆಟ್‌ನಲ್ಲಿ ವರ್ಷನಿಂಗ್ ಕಡ್ಡಾಯ. ಸ್ಟೇಟ್ ಕೆಟ್ಟಾಗ ಹಿಂದಿನ ಪ್ರತಿ ಸಿಗುವುದು ಅಲ್ಲಿಂದಲೇ. ಪಬ್ಲಿಕ್ ಆಕ್ಸೆಸ್ ಬ್ಲಾಕ್ ಮಾಡಿ, ಕೆಎಂಎಸ್ (ಕೀ ನಿರ್ವಹಣೆಯ ಸೇವೆ) ಎನ್‌ಕ್ರಿಪ್ಷನ್ ಹಾಕಿ, ‘ಪ್ರಿವೆಂಟ್_ಡಿಸ್ಟ್ರಾಯ್’ ಕೊಡಬೇಕು. ಸ್ಟೇಟ್ ಫೈಲ್ ಸರಳ ಜೇಸನ್. ಡೇಟಾಬೇಸ್ ಪಾಸ್‌ವರ್ಡ್ ಕೋಡ್‌ನಲ್ಲಿ ಸೆನ್ಸಿಟಿವ್ ಎಂದು ಗುರುತಾಗಿದ್ದರೂ ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಟೆರಾಫಾರ್ಮ್ 1.11ರ ರೈಟ್-ಓನ್ಲಿ ಆರ್ಗ್ಯುಮೆಂಟ್‌ಗಳು (ಸ್ಟೇಟ್‌ನಲ್ಲಿ ಉಳಿಯದ ಮೌಲ್ಯಗಳು) ಇದಕ್ಕೆ ಸ್ವಲ್ಪ ಮಟ್ಟಿಗೆ ಪರಿಹಾರ. 2023ರ ಆಗಸ್ಟ್‌ನಲ್ಲಿ ಟೆರಾಫಾರ್ಮ್‌ನ ಲೈಸೆನ್ಸ್ ಬದಲಾದಾಗ ಕವಲೊಡೆದ ಓಪನ್‌ಟೋಫು ತನ್ನ 1.7ರಲ್ಲಿ ಇಡೀ ಸ್ಟೇಟ್ ಅನ್ನೇ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯ ತಂದಿತು. ಸ್ಟೇಟ್‌ನಲ್ಲಿ ಗುಟ್ಟಿನ ಮಾಹಿತಿ ಹೆಚ್ಚಿರುವವರಿಗೆ ಓಪನ್‌ಟೋಫು ಆರಿಸಿಕೊಳ್ಳಲು ಅದೊಂದೇ ಸಾಕಷ್ಟು ದೊಡ್ಡ ಕಾರಣ.

ಇಬ್ಬರು ಒಟ್ಟಿಗೆ ಸ್ಟೇಟ್ ಬದಲಿಸದಂತೆ ತಡೆಯುವ ಲಾಕ್‌ಗೆ ಮೊದಲೆಲ್ಲ ಡೈನಮೊಡಿಬಿ (ಎಡಬ್ಲ್ಯೂಎಸ್‌ನ ಡೇಟಾಬೇಸ್) ಟೇಬಲ್ ಬೇಕಿತ್ತು. ಟೆರಾಫಾರ್ಮ್ 1.10ರಿಂದ ಎಸ್3 ಬ್ಯಾಕೆಂಡ್‌ನಲ್ಲೇ ‘ಯೂಸ್_ಲಾಕ್‌ಫೈಲ್’ ಇದೆ, 1.11ರಲ್ಲಿ ಅದು ಸ್ಥಿರವಾಯಿತು. ಸ್ಟೇಟ್ ಪಕ್ಕದಲ್ಲೇ ‘ಟಿಎಫ್‌ಲಾಕ್’ ಎಂಬ ಕೊನೆಯಿರುವ ಫೈಲ್ ಬರುತ್ತದೆ, ಕೆಲಸ ಮುಗಿದಾಗ ಹೋಗುತ್ತದೆ. ಹಾಗಾಗಿ ಸಿಐ (ಕೋಡ್ ಅನ್ನು ತಾನಾಗಿ ಓಡಿಸುವ ಪೈಪ್‌ಲೈನ್) ಬಳಸುವ ಐಎಎಂ ರೋಲ್‌ಗೆ (ಎಡಬ್ಲ್ಯೂಎಸ್ ಅನುಮತಿಗಳನ್ನು ಹೊತ್ತ ಗುರುತು) ಆ ಫೈಲ್ ಮೇಲೆ ಡಿಲೀಟ್ ಅನುಮತಿಯೂ ಇರಬೇಕು. ಇಲ್ಲದಿದ್ದರೆ ಮೊದಲ ಅಪ್ಲೈ ಸರಿಯಾಗಿ ಮುಗಿದು, ಎರಡನೆಯದು ‘ಲಾಕ್ ಸಿಕ್ಕಲಿಲ್ಲ’ ಎಂದು ನಿಲ್ಲುತ್ತದೆ. ಸಿಐ ಜಾಬ್ ಮಧ್ಯದಲ್ಲಿ ಸತ್ತರೂ ಲಾಕ್ ಉಳಿಯುತ್ತದೆ. ಬೇರೆ ಯಾರೂ ಅಪ್ಲೈ ನಡೆಸುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ‘ಫೋರ್ಸ್-ಅನ್‌ಲಾಕ್’.

ಇನ್ನೊಂದು ಅಪಾಯ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಅಪ್ಲೈ ಆಗಿ, ಸ್ಟೇಟ್ ಅಪ್‌ಲೋಡ್ ಆಗುವ ಹೊತ್ತಿಗೆ ಟೋಕನ್‌ನ ಅವಧಿ ಮುಗಿದರೆ ಟೆರಾಫಾರ್ಮ್ ‘ಎರರ್ಡ್.ಟಿಎಫ್‌ಸ್ಟೇಟ್’ ಎಂಬ ಫೈಲ್ ಅನ್ನು ಅದೇ ಡೈರೆಕ್ಟರಿಯಲ್ಲಿ ಬರೆದಿಡುತ್ತದೆ. ನಮ್ಮ ಲ್ಯಾಪ್‌ಟಾಪ್‌ನಲ್ಲಾದರೆ ‘ಸ್ಟೇಟ್ ಪುಶ್’ ಮಾಡಿದರಾಯಿತು. ಸಿಐ ಕಂಟೇನರ್‌ನಲ್ಲಾದರೆ ಜಾಬ್ ಜೊತೆಗೆ ಫೈಲೂ ಅಳಿದುಹೋಗುತ್ತದೆ, ಆಗಷ್ಟೇ ಹುಟ್ಟಿದ ರಿಸೋರ್ಸ್‌ಗಳು ಅನಾಥವಾಗುತ್ತವೆ. ಇಕೆಎಸ್ ಕ್ಲಸ್ಟರ್ ಮೇಲೇಳಲು ಹತ್ತು ನಿಮಿಷದಷ್ಟು ಹಿಡಿಯುವುದರಿಂದ ಇದು ಬರೀ ಊಹೆಯ ಮಾತಲ್ಲ. ಜಾಬ್ ಸೋತರೂ ಆ ಫೈಲ್ ಆರ್ಟಿಫ್ಯಾಕ್ಟ್ ಆಗಿ ಉಳಿಯುವಂತೆ ಪೈಪ್‌ಲೈನ್‌ನಲ್ಲಿ ಒಂದು ಸಾಲು ಸೇರಿಸಿ, ರೋಲ್‌ನ ಸೆಷನ್ ಅವಧಿಯನ್ನೂ ಹಿಗ್ಗಿಸಿದೆವು.

ಪ್ರೊವೈಡರ್ (ಎಡಬ್ಲ್ಯೂಎಸ್‌ನಂಥ ಸೇವೆಯೊಡನೆ ಮಾತಾಡಲು ಟೆರಾಫಾರ್ಮ್ ಬಳಸುವ ಪ್ಲಗಿನ್) ಆವೃತ್ತಿ ಕಟ್ಟಿಹಾಕಿ, ಅದನ್ನು ದಾಖಲಿಸುವ ಲಾಕ್ ಫೈಲ್ (ಮೇಲಿನ ಸ್ಟೇಟ್ ಲಾಕ್ ಅಲ್ಲ) ಗಿಟ್‌ಗೆ ಹಾಕುವುದು ಎಲ್ಲರಿಗೂ ಗೊತ್ತಿರುವುದೇ. ಮ್ಯಾಕ್‌ನಲ್ಲಿ ಹುಟ್ಟಿದ ಲಾಕ್ ಫೈಲ್ ಲಿನಕ್ಸ್ ರನ್ನರ್‌ನಲ್ಲಿ ಚೆಕ್‌ಸಮ್ ಹೊಂದದೆ ನಿಂತರೆ, ‘ಪ್ರೊವೈಡರ್ಸ್ ಲಾಕ್’ ಆದೇಶಕ್ಕೆ ಎರಡೂ ಪ್ಲಾಟ್‌ಫಾರ್ಮ್‌ಗಳನ್ನು ಕೊಟ್ಟು ಓಡಿಸಿದರೆ ಸರಿಹೋಗುತ್ತದೆ.

ಒಂದೇ ಸ್ಟೇಟ್ ಬೇಡ

ಕೋಡ್ ಅನ್ನು ನಾಲ್ಕು ಪದರಗಳಾಗಿ ಒಡೆದೆವು: ಬಕೆಟ್, ನೆಟ್‌ವರ್ಕ್, ಕ್ಲಸ್ಟರ್, ಪ್ಲಾಟ್‌ಫಾರ್ಮ್ (ಕ್ಲಸ್ಟರ್ ಒಳಗೆ ಹಾಕುವ ಕಂಟ್ರೋಲರ್‌ಗಳಂಥವು). ಪ್ರತಿಯೊಂದಕ್ಕೂ ಬೇರೆ ಸ್ಟೇಟ್. ನೆಟ್‌ವರ್ಕ್ ವರ್ಷಕ್ಕೊಮ್ಮೆ ಬದಲಾಗುವಂಥದ್ದು, ಪ್ಲಾಟ್‌ಫಾರ್ಮ್ ವಾರಕ್ಕೊಮ್ಮೆ. ಹೆಲ್ಮ್ ಚಾರ್ಟ್‌ನ (ಕುಬರ್ನೆಟೀಸ್ ಪ್ಯಾಕೇಜ್) ಒಂದು ಸಾಲು ತಿದ್ದುವವರ ಪ್ಲಾನ್‌ನಲ್ಲಿ (ಆಗಲಿರುವ ಬದಲಾವಣೆಗಳ ಪಟ್ಟಿ) ವಿಪಿಸಿಯ ಹೆಸರು ಕಾಣಿಸಲೇಬಾರದು. ಕ್ಲಸ್ಟರ್ ಮತ್ತು ಪ್ಲಾಟ್‌ಫಾರ್ಮ್ ಅನ್ನು ಬೇರ್ಪಡಿಸಲು ತಾಂತ್ರಿಕ ಕಾರಣವೂ ಇದೆ. ಕುಬರ್ನೆಟೀಸ್ ಪ್ರೊವೈಡರ್‌ಗೆ ಕ್ಲಸ್ಟರ್‌ನ ವಿಳಾಸ ಮೊದಲೇ ಗೊತ್ತಿರಬೇಕು. ಎರಡೂ ಒಂದೇ ಸ್ಟೇಟ್‌ನಲ್ಲಿದ್ದರೆ ಕ್ಲಸ್ಟರ್ ಇನ್ನೂ ಹುಟ್ಟದಿರುವಾಗ, ಅಥವಾ ರಿಪ್ಲೇಸ್ ಆಗಲಿರುವಾಗ, ಆ ವಿಳಾಸ ಖಾಲಿ. ಆಗ ಪ್ರೊವೈಡರ್ ಲೋಕಲ್‌ಹೋಸ್ಟ್‌ನ 80ನೇ ಪೋರ್ಟ್‌ಗೆ ಸಂಪರ್ಕಿಸಲು ಹೋಗಿ ‘ಕನೆಕ್ಷನ್ ರಿಫ್ಯೂಸ್ಡ್’ ಎನ್ನುತ್ತದೆ. ಆ ದೋಷವನ್ನು ಓದಿದವರು ನೆಟ್‌ವರ್ಕ್‌ನಲ್ಲಿ ತಪ್ಪು ಹುಡುಕುತ್ತಾರೆ. ಇರುವ ತೊಂದರೆ ಕ್ರಮದ್ದು.

ಪದರದಿಂದ ಪದರಕ್ಕೆ ವಿಪಿಸಿ ಐಡಿ, ಸಬ್‌ನೆಟ್ ಐಡಿಗಳನ್ನು ಎಸ್‌ಎಸ್‌ಎಂ ಪ್ಯಾರಾಮೀಟರ್ ಸ್ಟೋರ್ (ಸಣ್ಣ ಮೌಲ್ಯಗಳನ್ನು ಇಡುವ ಎಡಬ್ಲ್ಯೂಎಸ್ ಸೇವೆ) ಮೂಲಕ ದಾಟಿಸಿದೆವು. ‘ರಿಮೋಟ್ ಸ್ಟೇಟ್’ ಡೇಟಾ ಸೋರ್ಸ್ ಬಳಸಿದರೆ ಒಂದು ಐಡಿ ಓದಲು ಇಡೀ ಸ್ಟೇಟ್ ಓದುವ ಅನುಮತಿ ಕೊಡಬೇಕಾಗುತ್ತದೆ. ಅದು ದುಬಾರಿ ಬೆಲೆ.

ಐಪಿಗಳ ಲೆಕ್ಕ

ನೆಟ್‌ವರ್ಕ್ ಪದರಕ್ಕೆ ಎಷ್ಟು ಸಮಯ ಕೊಟ್ಟರೂ ವ್ಯರ್ಥವಲ್ಲ. ಏಕೆಂದರೆ ವಿಪಿಸಿಯ ಮೂಲ ಐಪಿ ವಲಯವನ್ನು ಆಮೇಲೆ ಬದಲಿಸಲು ಬರುವುದಿಲ್ಲ. ಹೆಚ್ಚೆಂದರೆ ಪಕ್ಕದಲ್ಲಿ ಇನ್ನೊಂದನ್ನು ಸೇರಿಸಬಹುದು. ಉದಾಹರಣೆಗಳಲ್ಲೆಲ್ಲ ಕಾಣುವ 10.0.0.0/16 ಅನ್ನು (ಗೆರೆಯ ನಂತರದ ಅಂಕಿ ಚಿಕ್ಕದಾದಷ್ಟು ವಲಯ ದೊಡ್ಡದು) ಎಲ್ಲರೂ ಹಾಕಿಕೊಂಡಿರುತ್ತಾರೆ. ಮುಂದೆ ಎರಡು ವಿಪಿಸಿಗಳನ್ನು ಪಿಯರ್ ಮಾಡಬೇಕಾದಾಗ, ಅಂದರೆ ಒಂದಕ್ಕೊಂದು ಜೋಡಿಸಬೇಕಾದಾಗ, ವಲಯಗಳು ಒಂದರ ಮೇಲೊಂದು ಬಿದ್ದರೆ ಸಾಧ್ಯವೇ ಆಗುವುದಿಲ್ಲ. ನಾವು 10.40.0.0/16 ತೆಗೆದುಕೊಂಡು ‘ಸಿಐಡಿಆರ್‌ಸಬ್‌ನೆಟ್’ ಫಂಕ್ಷನ್‌ನಿಂದ ಹಂಚಿದೆವು: ಮೂರು ಪ್ರೈವೇಟ್ ಸಬ್‌ನೆಟ್‌ಗಳಿಗೆ ತಲಾ /19, ಅಂದರೆ 10.40.0.0, 10.40.32.0, 10.40.64.0ರಿಂದ ಶುರುವಾಗುವ ಮೂರು ತುಂಡು. ಮೂರು ಪಬ್ಲಿಕ್ ಸಬ್‌ನೆಟ್‌ಗಳಿಗೆ 10.40.96.0ರಿಂದ ಮುಂದೆ ತಲಾ /24. ಪ್ರತಿ ಸಬ್‌ನೆಟ್‌ನಲ್ಲಿ ಐದು ವಿಳಾಸ ಎಡಬ್ಲ್ಯೂಎಸ್‌ಗೆ ಮೀಸಲು. ಹಾಗಾಗಿ /24ರಲ್ಲಿ 251, /19ರಲ್ಲಿ 8,187 ಉಳಿಯುತ್ತವೆ.

ಮೂರು ನೋಡ್‌ಗೆ ಎಂಟು ಸಾವಿರ ವಿಳಾಸ ಅತಿಯಾಯಿತು ಎನ್ನಿಸಬಹುದು. ಆದರೆ ಇಕೆಎಸ್‌ನ ಮಾಮೂಲಿ ನೆಟ್‌ವರ್ಕ್ ಪ್ಲಗಿನ್‌ನಲ್ಲಿ ಪ್ರತಿ ಪಾಡ್‌ಗೂ (ಕಂಟೇನರ್‌ಗಳು ಓಡುವ ಘಟಕ) ಸಬ್‌ನೆಟ್‌ನಿಂದಲೇ ಒಂದು ಐಪಿ ಹೋಗುತ್ತದೆ. ಜೊತೆಗೆ ಪಾಡ್ ಬೇಗ ಏಳಲೆಂದು ಪ್ಲಗಿನ್ ಒಂದು ಹೆಚ್ಚುವರಿ ಇಂಟರ್‌ಫೇಸ್‌ನಷ್ಟು ಐಪಿಗಳನ್ನು ಮೊದಲೇ ಹಿಡಿದಿಟ್ಟುಕೊಳ್ಳುತ್ತದೆ. ಎಂ6ಐ.ಲಾರ್ಜ್‌ಗೆ ಮೂರು ಇಂಟರ್‌ಫೇಸ್, ಒಂದೊಂದಕ್ಕೂ ಹತ್ತು ಐಪಿ. ನಾಲ್ಕಾರು ಪಾಡ್ ಇದ್ದರೂ ನೋಡ್ ಇಪ್ಪತ್ತು ಐಪಿ ಹಿಡಿದು ಕೂತಿರುತ್ತದೆ. ಪಾಡ್‌ಗಳ ಮಿತಿಯೂ ಇಲ್ಲಿಂದಲೇ ಬರುವುದು: ಇಂಟರ್‌ಫೇಸ್‌ಗಳ ಸಂಖ್ಯೆಯನ್ನು, ಒಂದಕ್ಕಿರುವ ಐಪಿಗಳಲ್ಲಿ ಒಂದು ಕಳೆದು ಉಳಿದದ್ದರಿಂದ ಗುಣಿಸಿ ಎರಡು ಕೂಡಿಸಿದರೆ 29. ಟಿ3.ಮೀಡಿಯಂನಲ್ಲಿ ಅದೇ ಲೆಕ್ಕಕ್ಕೆ 17 ಮಾತ್ರ. ಮೆಮೊರಿ ಅರ್ಧ ಖಾಲಿಯಿದ್ದರೂ ‘ಟೂ ಮೆನಿ ಪಾಡ್ಸ್’ ಎಂದು ಪಾಡ್ ಪೆಂಡಿಂಗ್‌ನಲ್ಲಿ ನಿಂತರೆ ಕಾರಣ ಇದೇ. ಪ್ರಿಫಿಕ್ಸ್ ಡೆಲಿಗೇಷನ್ ಆನ್ ಮಾಡಿದರೆ ಬಿಡಿ ಐಪಿಯ ಬದಲು 16ರ ಕಟ್ಟಾಗಿ, ಅಂದರೆ /28 ಆಗಿ, ವಿಳಾಸಗಳು ಬರುತ್ತವೆ, ಎಂ6ಐ.ಲಾರ್ಜ್‌ನಲ್ಲಿ ಮಿತಿ 110ಕ್ಕೆ ಏರುತ್ತದೆ. ಆದರೆ ಬಿಡಿಬಿಡಿಯಾಗಿ ತುಂಬಿಹೋದ ಸಣ್ಣ ಸಬ್‌ನೆಟ್‌ನಲ್ಲಿ 16 ಒಟ್ಟಾಗಿ ಸಿಗುವುದಿಲ್ಲ. ದೊಡ್ಡ ಸಬ್‌ನೆಟ್ ಮೊದಲೇ ಇಟ್ಟದ್ದಕ್ಕೆ ಇದು ಮುಖ್ಯ ಕಾರಣ.

ಸಬ್‌ನೆಟ್‌ಗಳನ್ನು ‘ಕೌಂಟ್’ನಿಂದ ಬರೆಯಬಾರದು, ಝೋನ್ ಹೆಸರನ್ನೇ ಕೀಲಿಯಾಗಿಟ್ಟು ‘ಫಾರ್_ಈಚ್’ನಿಂದ ಬರೆಯಬೇಕು. ಕೌಂಟ್‌ನಲ್ಲಿ ಪಟ್ಟಿಯ ಮಧ್ಯದ ಒಂದನ್ನು ತೆಗೆದರೆ ಅದರ ನಂತರದ್ದೆಲ್ಲ ಒಂದು ಸ್ಥಾನ ಸರಿದು, ಜೀವಂತ ಸಬ್‌ನೆಟ್‌ಗಳನ್ನು ಅಳಿಸಿ ಮತ್ತೆ ಕಟ್ಟುವ ಪ್ಲಾನ್ ಬರುತ್ತದೆ. ವಿಪಿಸಿಯಲ್ಲಿ ಡಿಎನ್‌ಎಸ್ ಹೋಸ್ಟ್‌ನೇಮ್ ಆನ್ ಆಗಿರಬೇಕು. ಟೆರಾಫಾರ್ಮ್‌ನ ವಿಪಿಸಿ ರಿಸೋರ್ಸ್‌ನಲ್ಲಿ ಅದು ಮಾಮೂಲಿಯಾಗಿ ಆಫ್. ಪಬ್ಲಿಕ್ ಸಬ್‌ನೆಟ್‌ಗಳಿಗೆ ‘ಕುಬರ್ನೆಟೀಸ್.ಐಒ/ರೋಲ್/ಇಎಲ್‌ಬಿ’ ಟ್ಯಾಗ್, ಪ್ರೈವೇಟ್‌ಗೆ ‘ಇಂಟರ್ನಲ್-ಇಎಲ್‌ಬಿ’ ಟ್ಯಾಗ್, ಮೌಲ್ಯ 1. ಇವು ಇಲ್ಲದಿದ್ದರೂ ಅಪ್ಲೈ ಯಶಸ್ವಿ. ತೊಂದರೆ ಕಾಣುವುದು ಎಷ್ಟೋ ದಿನದ ನಂತರ, ಯಾರೋ ಸರ್ವಿಸ್ ಒಂದಕ್ಕೆ ಲೋಡ್ ಬ್ಯಾಲೆನ್ಸರ್ ಕೇಳಿ ಅದು ಪೆಂಡಿಂಗ್‌ನಲ್ಲೇ ಉಳಿದಾಗ.

ಪ್ರೊಡಕ್ಷನ್‌ನಲ್ಲಿ ನ್ಯಾಟ್ ಗೇಟ್‌ವೇ (ಪ್ರೈವೇಟ್ ಸಬ್‌ನೆಟ್‌ನಿಂದ ಹೊರಗೆ ಹೋಗುವ ದಾರಿ) ಝೋನ್‌ಗೊಂದು, ಡೆವ್‌ನಲ್ಲಿ ಒಂದೇ ಸಾಕು. ನ್ಯಾಟ್‌ಗೆ ಗಂಟೆಯ ಬಾಡಿಗೆಯ ಜೊತೆಗೆ ಹಾದುಹೋಗುವ ಪ್ರತಿ ಜಿಬಿಗೂ ಹಣ. ಇಸಿಆರ್ (ಕಂಟೇನರ್ ಇಮೇಜ್‌ಗಳ ಉಗ್ರಾಣ) ಇಮೇಜ್‌ನ ಲೇಯರ್‌ಗಳು ಬರುವುದು ಎಸ್3ಯಿಂದ. ಎಸ್3ಗೆ ಗೇಟ್‌ವೇ ಎಂಡ್‌ಪಾಯಿಂಟ್ ಹಾಕಿದರೆ ಆ ದಟ್ಟಣೆ ನ್ಯಾಟ್ ತಪ್ಪಿಸಿ ಹೋಗುತ್ತದೆ, ಎಂಡ್‌ಪಾಯಿಂಟ್‌ಗೆ ಶುಲ್ಕವೂ ಇಲ್ಲ. ಎಲ್ಲ ರೌಟ್ ಟೇಬಲ್‌ಗಳಿಗೂ ಅದನ್ನು ಜೋಡಿಸಲು ಮರೆಯಬಾರದು.

ಕ್ಲಸ್ಟರ್, ನೋಡ್, ಆಡ್‌ಆನ್: ಯಾವುದು ಮೊದಲು

ಕ್ಲಸ್ಟರ್ ರಿಸೋರ್ಸ್‌ನಲ್ಲಿ ಎರಡು ಆಯ್ಕೆಗಳನ್ನು ಮೊದಲ ದಿನವೇ ಸರಿಯಾಗಿ ಬರೆಯಬೇಕು. ಆಮೇಲೆ ಬದಲಿಸಿದರೆ ಇಡೀ ಕ್ಲಸ್ಟರ್ ರಿಪ್ಲೇಸ್ ಆಗುತ್ತದೆ. ಒಂದು, ‘ಬೂಟ್‌ಸ್ಟ್ರ್ಯಾಪ್_ಸೆಲ್ಫ್_ಮ್ಯಾನೇಜ್ಡ್_ಆಡ್‌ಆನ್ಸ್’. ಇದನ್ನು ಫಾಲ್ಸ್ ಮಾಡದಿದ್ದರೆ ನೆಟ್‌ವರ್ಕ್ ಪ್ಲಗಿನ್, ಕ್ಯೂಬ್-ಪ್ರಾಕ್ಸಿ (ದಟ್ಟಣೆಯನ್ನು ಪಾಡ್‌ಗಳತ್ತ ತಿರುಗಿಸುವಂಥದ್ದು), ಕೋರ್‌ಡಿಎನ್‌ಎಸ್ (ಕ್ಲಸ್ಟರ್ ಒಳಗೆ ಹೆಸರಿಗೆ ವಿಳಾಸ ಹುಡುಕಿಕೊಡುವಂಥದ್ದು) ಮೂರನ್ನೂ ಇಕೆಎಸ್ ತಾನೇ ಹಾಕಿಬಿಡುತ್ತದೆ, ಟೆರಾಫಾರ್ಮ್ ಹಾಕಲು ಹೋದಾಗ ತಿಕ್ಕಾಟ. ಇನ್ನೊಂದು, ಕ್ಲಸ್ಟರ್ ಸೃಷ್ಟಿಸಿದವರಿಗೆ ತಾನಾಗಿ ಅಡ್ಮಿನ್ ಹಕ್ಕು ಕೊಡುವ ಆಯ್ಕೆ. ಸೃಷ್ಟಿಸುವುದು ಸಿಐನ ರೋಲ್. ಮನುಷ್ಯರಿಗೆ ಆಕ್ಸೆಸ್ ಎಂಟ್ರಿ (ಕ್ಲಸ್ಟರ್ ಪ್ರವೇಶದ ಅನುಮತಿ) ಬರೆಯದಿದ್ದರೆ ಅವರಿಗೆ ‘ಕ್ಯೂಬ್‌ಕಂಟ್ರೋಲ್’ನಲ್ಲಿ (ಕ್ಲಸ್ಟರ್‌ಗೆ ಆದೇಶ ಕೊಡುವ ಸಾಧನ) ಸಿಗುವುದು ಅನ್‌ಆಥರೈಸ್ಡ್ ಎಂಬ ಉತ್ತರ ಮಾತ್ರ. ನಾವು ಅದನ್ನು ಫಾಲ್ಸ್ ಮಾಡಿ, ಸಿಐ ರೋಲ್‌ಗೂ ತಂಡದ ರೋಲ್‌ಗೂ ಆಕ್ಸೆಸ್ ಎಂಟ್ರಿಗಳನ್ನು ಕೋಡ್‌ನಲ್ಲೇ ಬರೆದೆವು. ಯಾರಿಗೆ ಯಾವ ಹಕ್ಕಿದೆ ಎಂಬುದು ಗಿಟ್‌ನಲ್ಲಿ ಓದಲು ಸಿಗಬೇಕು.

ಕಂಟ್ರೋಲ್ ಪ್ಲೇನ್‌ನ (ಕ್ಲಸ್ಟರ್ ಅನ್ನು ನಿಯಂತ್ರಿಸುವ ಭಾಗ) ಲಾಗ್ ಆನ್ ಮಾಡುವುದಾದರೆ ಲಾಗ್ ಗ್ರೂಪ್ ಅನ್ನು ಟೆರಾಫಾರ್ಮ್ ಮೊದಲು ಸೃಷ್ಟಿಸಿ, ಕ್ಲಸ್ಟರ್ ಅದರ ಮೇಲೆ ‘ಡಿಪೆಂಡ್ಸ್_ಆನ್’ ಆಗಿರಬೇಕು. ಇಲ್ಲದಿದ್ದರೆ ಇಕೆಎಸ್ ತಾನೇ ಅದೇ ಹೆಸರಿನಲ್ಲಿ ಸೃಷ್ಟಿಸುತ್ತದೆ, ಲಾಗ್‌ಗಳು ಎಂದೆಂದಿಗೂ ಉಳಿದು ಬಿಲ್ ಬೆಳೆಯುತ್ತದೆ.

ಆಮೇಲಿನ ಕ್ರಮ ಹೀಗೆ: ಕ್ಲಸ್ಟರ್ ಸಿದ್ಧವಾದ ಕೂಡಲೇ ನೆಟ್‌ವರ್ಕ್ ಪ್ಲಗಿನ್ ಮತ್ತು ಕ್ಯೂಬ್-ಪ್ರಾಕ್ಸಿ, ನಂತರ ನೋಡ್ ಗ್ರೂಪ್, ಕೊನೆಗೆ ಕೋರ್‌ಡಿಎನ್‌ಎಸ್ ಮತ್ತು ಇಬಿಎಸ್ ಡ್ರೈವರ್. ಪ್ಲಗಿನ್ ಇಲ್ಲದೆ ಬಂದ ನೋಡ್ ನಾಟ್-ರೆಡಿಯಲ್ಲೇ ಕೂರುತ್ತದೆ. ಪ್ರಿಫಿಕ್ಸ್ ಡೆಲಿಗೇಷನ್ ಕೂಡ ನೋಡ್‌ಗಿಂತ ಮೊದಲೇ ಆನ್ ಆಗಿರಬೇಕು. ಪಾಡ್‌ಗಳ ಮಿತಿ ನಿಗದಿಯಾಗುವುದು ನೋಡ್ ಏಳುವಾಗ, ಹಳೇ ನೋಡ್‌ಗೆ ಹೊಸ ಮಿತಿ ಬರುವುದಿಲ್ಲ. ಕೋರ್‌ಡಿಎನ್‌ಎಸ್‌ನದು ಇದಕ್ಕೆ ತಿರುಗುಮುರುಗು. ಓಡಲು ನೋಡ್ ಇಲ್ಲದಿದ್ದರೆ ಅದು ಡಿಗ್ರೇಡೆಡ್ ಸ್ಥಿತಿಯಲ್ಲಿ ನಿಲ್ಲುತ್ತದೆ, ಟೆರಾಫಾರ್ಮ್ ಇಪ್ಪತ್ತು ನಿಮಿಷ ಕಾದು ಕೈಚೆಲ್ಲುತ್ತದೆ. ಈ ಅವಲಂಬನೆ ಕೋಡ್‌ನಲ್ಲಿ ತಾನಾಗಿ ಕಾಣುವುದಿಲ್ಲ, ಏಕೆಂದರೆ ಕೋರ್‌ಡಿಎನ್‌ಎಸ್‌ನ ಕೋಡ್‌ನಲ್ಲಿ ನೋಡ್ ಗ್ರೂಪ್‌ನ ಹೆಸರೇ ಬರುವುದಿಲ್ಲ, ಬರುವುದು ಕ್ಲಸ್ಟರ್ ಹೆಸರು ಮಾತ್ರ. ‘ಡಿಪೆಂಡ್ಸ್_ಆನ್’ ಕೈಯಾರೆ ಬರೆಯಲೇಬೇಕು.

ನೋಡ್‌ಗಳು ಬಹಳ ಹೊತ್ತು ಕಾದು ‘ಇನ್‌ಸ್ಟೆನ್ಸ್‌ಗಳು ಕ್ಲಸ್ಟರ್ ಸೇರಲಿಲ್ಲ’ ಎಂದು ಸೋತರೆ ನಾವು ಹುಡುಕುವ ಕ್ರಮ ಇದು. ಮೊದಲು ಆಟೋ ಸ್ಕೇಲಿಂಗ್ ಗ್ರೂಪ್‌ನ ಆಕ್ಟಿವಿಟಿ ಪಟ್ಟಿ: ಅಲ್ಲಿ ‘ವಿಸಿಪಿಯು ಲಿಮಿಟ್ ಎಕ್ಸೀಡೆಡ್’ ಇದ್ದರೆ ಇನ್‌ಸ್ಟೆನ್ಸ್ ಹುಟ್ಟಿಯೇ ಇಲ್ಲ. ಹೊಸ ಅಕೌಂಟ್‌ಗಳಲ್ಲಿ ಈ ಮಿತಿ ತೀರ ಕಡಿಮೆ ಇರುತ್ತದೆ. ಕೋಟಾ ಕೇಳುವಾಗ ಈಗ ಓಡುವ ನೋಡ್‌ಗಳ ಲೆಕ್ಕವಷ್ಟೇ ಸಾಲದು. ಅಪ್‌ಗ್ರೇಡ್ ಹೊತ್ತಿನಲ್ಲಿ ಹಳೆಯದರ ಜೊತೆ ಹೊಸ ನೋಡ್‌ಗಳೂ ಓಡುತ್ತವೆ. ಎರಡನೆಯದು, ಪ್ರೈವೇಟ್ ಸಬ್‌ನೆಟ್‌ನ ರೌಟ್ ಟೇಬಲ್‌ನಲ್ಲಿ ನ್ಯಾಟ್‌ಗೆ ದಾರಿ ಇದೆಯೇ. ಮೂರನೆಯದು, ನೋಡ್ ರೋಲ್‌ಗೆ ವರ್ಕರ್ ನೋಡ್ ಪಾಲಿಸಿ ಮತ್ತು ಇಸಿಆರ್ ಓದುವ ಪಾಲಿಸಿ ಇವೆಯೇ. ಅದೂ ಸರಿಯಿದ್ದರೆ ಸೆಷನ್ ಮ್ಯಾನೇಜರ್‌ನಿಂದ ನೋಡ್ ಒಳಗೆ ಹೋಗಿ ಕ್ಯೂಬ್‌ಲೆಟ್‌ನ (ನೋಡ್‌ನಲ್ಲಿ ಪಾಡ್‌ಗಳನ್ನು ಓಡಿಸುವ ಪ್ರೋಗ್ರಾಂ) ಜರ್ನಲ್ ಓದಬೇಕು. ಅದಕ್ಕಾಗಿ ಎಸ್‌ಎಸ್‌ಎಂ ಪಾಲಿಸಿಯನ್ನು ಮೊದಲೇ ಜೋಡಿಸಿಟ್ಟಿರುವುದು ಒಳ್ಳೆಯದು. ಹಳೇ ಕೋಡ್‌ನಿಂದ ಯೂಸರ್ ಡೇಟಾ (ಇನ್‌ಸ್ಟೆನ್ಸ್ ಏಳುವಾಗ ಓಡುವ ಸ್ಕ್ರಿಪ್ಟ್) ನಕಲು ಮಾಡಿದವರು ಇನ್ನೊಂದು ನೋಡಬೇಕು: ಕುಬರ್ನೆಟೀಸ್ 1.33ರಿಂದ ಅಮೆಜಾನ್ ಲಿನಕ್ಸ್ 2ರ ಇಕೆಎಸ್ ಇಮೇಜ್ ಇಲ್ಲ, ಅಮೆಜಾನ್ ಲಿನಕ್ಸ್ 2023ರಲ್ಲಿ ಹಳೆಯ ಬೂಟ್‌ಸ್ಟ್ರ್ಯಾಪ್ ಸ್ಕ್ರಿಪ್ಟ್ ಇಲ್ಲ. ಅದರ ಜಾಗದಲ್ಲಿ ನೋಡ್‌ಎಡಿಎಂ ಬಂದಿದೆ, ಅದಕ್ಕೆ ಕಾನ್ಫಿಗರೇಷನ್ ಯಾಮಲ್‌ನಲ್ಲಿ ಕೊಡಬೇಕು.

ನೋಡ್ ಗ್ರೂಪ್‌ನಲ್ಲಿ ಬರೆದ ಇನ್‌ಸ್ಟೆನ್ಸ್ ಬಗೆ ಬದಲಿಸಿದರೆ ಗ್ರೂಪೇ ರಿಪ್ಲೇಸ್ ಆಗುತ್ತದೆ. ಹೊಸದು ಬಂದ ಮೇಲೆ ಹಳೆಯದು ಹೋಗಲೆಂದು ‘ಕ್ರಿಯೇಟ್_ಬಿಫೋರ್_ಡಿಸ್ಟ್ರಾಯ್’ ಕೊಡಬೇಕು. ಹೆಸರು ಸ್ಥಿರವಾಗಿದ್ದರೆ ಒಂದೇ ಹೆಸರಿನ ಎರಡು ಗ್ರೂಪ್ ಇರಲು ಬಾರದಾದ್ದರಿಂದ ಅಪ್ಲೈ ಸೋಲುತ್ತದೆ. ಹೆಸರಿನ ಬದಲು ‘ನೇಮ್_ಪ್ರಿಫಿಕ್ಸ್’ ಬಳಸಬೇಕು. ನೋಡ್‌ಗಳ ಸಂಖ್ಯೆಯನ್ನು ಆಟೋಸ್ಕೇಲರ್ ಬದಲಿಸುತ್ತಿರುತ್ತದೆ. ‘ಡಿಸೈರ್ಡ್_ಸೈಜ್’ ಅನ್ನು ‘ಇಗ್ನೋರ್_ಚೇಂಜಸ್’ಗೆ ಸೇರಿಸದಿದ್ದರೆ ದಟ್ಟಣೆಯ ಹೊತ್ತಿನಲ್ಲಿ ಯಾರೋ ಟ್ಯಾಗ್ ತಿದ್ದಿ ಅಪ್ಲೈ ಮಾಡಿದಾಗ ಹನ್ನೆರಡು ನೋಡ್ ಮತ್ತೆ ಮೂರಕ್ಕೆ ಇಳಿಯುತ್ತವೆ. ಸಂಖ್ಯೆಯ ಒಡೆತನ ಆಟೋಸ್ಕೇಲರ್‌ನದು ಎಂದು ಕೋಡ್‌ನಲ್ಲೇ ಬರೆದಂತೆ ಇದು.

ಇಬಿಎಸ್ ವಾಲ್ಯೂಮ್ ಒಂದು ಝೋನ್‌ಗೆ ಕಟ್ಟುಬಿದ್ದದ್ದು. ಮೂರು ಝೋನ್‌ಗೂ ಸೇರಿ ಒಂದೇ ನೋಡ್ ಗ್ರೂಪ್ ಇದ್ದರೆ, ಪಾಡ್‌ನ ಡಿಸ್ಕ್ ಇರುವ ಝೋನ್‌ನಲ್ಲೇ ಹೊಸ ನೋಡ್ ಬರುತ್ತದೆಂಬ ಖಾತ್ರಿಯಿಲ್ಲ. ಡಿಸ್ಕ್ ಬಳಸುವ ಕೆಲಸಗಳಿಗೆ ಝೋನ್‌ಗೊಂದು ನೋಡ್ ಗ್ರೂಪ್ ಮಾಡಿ, ಸ್ಟೋರೇಜ್ ಕ್ಲಾಸ್‌ನಲ್ಲಿ ‘ವೇಟ್ ಫಾರ್ ಫಸ್ಟ್ ಕನ್ಸ್ಯೂಮರ್’ (ಪಾಡ್‌ಗೆ ಜಾಗ ಗೊತ್ತಾಗುವವರೆಗೆ ಡಿಸ್ಕ್ ಹುಟ್ಟಿಸದಿರುವ ಆಯ್ಕೆ) ಇಟ್ಟೆವು.

ಪ್ಲಾನ್ ಓದುವುದು, ಆವೃತ್ತಿ ಏರಿಸುವುದು

ಪ್ಲಾನ್‌ನ ಕೊನೆಯ ಸಾಲಿನ ಮೊತ್ತ ನೋಡಿ ಒಪ್ಪಿಗೆ ಕೊಡುವ ಅಭ್ಯಾಸ ಒಳ್ಳೆಯದಲ್ಲ. ನಾವು ಹುಡುಕುವುದು ‘ಫೋರ್ಸಸ್ ರಿಪ್ಲೇಸ್‌ಮೆಂಟ್’ ಎಂಬ ಪದಗಳನ್ನು. ಪೈಪ್‌ಲೈನ್‌ನಲ್ಲಿ ಆ ಪದ ಕಂಡರೆ ಇಬ್ಬರ ಒಪ್ಪಿಗೆ ಬೇಕು. ಪ್ಲಾನ್ ಅನ್ನು ಫೈಲ್‌ಗೆ ಉಳಿಸಿ ಅದನ್ನೇ ಅಪ್ಲೈ ಮಾಡಬೇಕು, ಇಲ್ಲದಿದ್ದರೆ ಓದಿದ್ದು ಒಂದು, ಆಗುವುದು ಇನ್ನೊಂದು. ಮಾಡ್ಯೂಲ್ ಹೆಸರು ಬದಲಿಸಿದಾಗ ‘ಮೂವ್ಡ್’ ಬ್ಲಾಕ್ ಬರೆದರೆ ರಿಸೋರ್ಸ್ ಅಳಿಯದೆ ಸ್ಟೇಟ್‌ನಲ್ಲಿ ಹೆಸರಷ್ಟೇ ಬದಲಾಗುತ್ತದೆ.

ಇಕೆಎಸ್‌ನ ಪ್ರತಿ ಆವೃತ್ತಿಗೂ 14 ತಿಂಗಳ ಮಾಮೂಲಿ ಬೆಂಬಲ. ಆ ಅವಧಿಯಲ್ಲಿ ಕಂಟ್ರೋಲ್ ಪ್ಲೇನ್‌ಗೆ ಗಂಟೆಗೆ 0.10 ಡಾಲರ್, ತಿಂಗಳಿಗೆ ಸುಮಾರು 73. ಅವಧಿ ದಾಟಿ ವಿಸ್ತರಿತ ಬೆಂಬಲಕ್ಕೆ ಹೋದರೆ ಗಂಟೆಗೆ 0.60, ತಿಂಗಳಿಗೆ 438 ಡಾಲರ್. ಏರಿಸುವುದು ಒಂದೊಂದೇ ಮೆಟ್ಟಿಲು: ಮೊದಲು ಕಂಟ್ರೋಲ್ ಪ್ಲೇನ್, ನಂತರ ಆಡ್‌ಆನ್‌ಗಳು, ನಂತರ ನೋಡ್‌ಗಳು. ನೋಡ್ ಹಂತದಲ್ಲಿ ‘ಪಾಡ್ ಎವಿಕ್ಷನ್ ಫೇಲ್ಯೂರ್’ ಬಂದರೆ ಯಾವುದೋ ಪಾಡ್ ಡಿಸ್ರಪ್ಷನ್ ಬಜೆಟ್ (ಒಮ್ಮೆಗೆ ಎಷ್ಟು ಪಾಡ್ ನಿಲ್ಲಿಸಬಹುದು ಎಂಬ ಮಿತಿ) ಒಂದೂ ಪಾಡ್ ಅನ್ನು ಬಿಟ್ಟುಕೊಡುತ್ತಿಲ್ಲ ಎಂದರ್ಥ. ಒಂದೇ ಪ್ರತಿ ಓಡುವ ಅಪ್ಲಿಕೇಷನ್‌ಗೆ ಕನಿಷ್ಠ ಒಂದು ಇರಲೇಬೇಕು ಎಂದು ಬರೆದಿದ್ದರೆ ಹೀಗಾಗುತ್ತದೆ.

ಕೆಡವುವ ಕ್ರಮ

ಡೆವ್ ಕ್ಲಸ್ಟರ್ ಅನ್ನು ಪೂರ್ತಿ ಕೆಡವಿ ಮತ್ತೆ ಕಟ್ಟಲು ಬಾರದಿದ್ದರೆ ಕೋಡ್ ಪೂರ್ಣವಾಗಿದೆ ಎಂದು ನಾವು ಒಪ್ಪುವುದಿಲ್ಲ. ಒಡೆತನದ ಪ್ರಶ್ನೆ ಅತಿ ಸ್ಪಷ್ಟವಾಗಿ ಕಾಣುವುದು ಇಲ್ಲೇ. ನೇರವಾಗಿ ಕ್ಲಸ್ಟರ್ ಪದರಕ್ಕೆ ‘ಡಿಸ್ಟ್ರಾಯ್’ ಕೊಟ್ಟರೆ ಕ್ಲಸ್ಟರ್ ಹೋಗುತ್ತದೆ, ಅದರ ಕಂಟ್ರೋಲರ್ ಹುಟ್ಟಿಸಿದ ಲೋಡ್ ಬ್ಯಾಲೆನ್ಸರ್ ಉಳಿಯುತ್ತದೆ. ಅದರ ಇಂಟರ್‌ಫೇಸ್‌ಗಳು ಸಬ್‌ನೆಟ್‌ನಲ್ಲಿ ಕೂತಿರುತ್ತವೆ. ನೆಟ್‌ವರ್ಕ್ ಪದರ ಕೆಡವುವಾಗ ಪರದೆಯ ಮೇಲೆ ‘ಸ್ಟಿಲ್ ಡಿಸ್ಟ್ರಾಯಿಂಗ್’ ಎಂಬ ಸಾಲು ಬರುತ್ತಲೇ ಇದ್ದು, ಕೊನೆಗೆ ‘ಡಿಪೆಂಡೆನ್ಸಿ ವಯಲೇಷನ್’.

ಸರಿಯಾದ ಕ್ರಮದಲ್ಲಿ ಮೊದಲು ಹೋಗಬೇಕಾದವು ಇಂಗ್ರೆಸ್‌ಗಳು (ಹೊರಗಿನ ದಟ್ಟಣೆ ಒಳಗೆ ಬರುವ ನಿಯಮಗಳು) ಮತ್ತು ಲೋಡ್ ಬ್ಯಾಲೆನ್ಸರ್ ಬಗೆಯ ಸರ್ವಿಸ್‌ಗಳು. ಲೋಡ್ ಬ್ಯಾಲೆನ್ಸರ್‌ಗಳು ಎಡಬ್ಲ್ಯೂಎಸ್‌ನಿಂದ ನಿಜವಾಗಿ ಮಾಯವಾಗುವವರೆಗೆ ಕಾಯಬೇಕು. ನಂತರ ಡಿಸ್ಕ್ ಬಳಸುವ ಪಾಡ್‌ಗಳು ಮತ್ತು ಅವುಗಳ ಪಿವಿಸಿಗಳು (ಡಿಸ್ಕ್ ಕೋರಿಕೆಗಳು). ಆಮೇಲಷ್ಟೇ ಕಂಟ್ರೋಲರ್‌ಗಳಿರುವ ಪ್ಲಾಟ್‌ಫಾರ್ಮ್ ಪದರ, ಕ್ಲಸ್ಟರ್, ನೆಟ್‌ವರ್ಕ್. ಕಂಟ್ರೋಲರ್ ಮೊದಲು ಹೋದರೆ ಇಂಗ್ರೆಸ್‌ನ ಫೈನಲೈಸರ್ (ಸ್ವಚ್ಛಗೊಳಿಸುವ ಮೊದಲು ಅಳಿಯದಂತೆ ಹಿಡಿಯುವ ತಡೆ) ಬಿಡಿಸುವವರಿಲ್ಲದೆ ನೇಮ್‌ಸ್ಪೇಸ್ (ಕ್ಲಸ್ಟರ್ ಒಳಗಿನ ವಿಭಾಗ) ಟರ್ಮಿನೇಟಿಂಗ್‌ನಲ್ಲೇ ನಿಲ್ಲುತ್ತದೆ. ಫೈನಲೈಸರ್ ಅನ್ನು ಕೈಯಿಂದ ಕಿತ್ತುಹಾಕಿದರೆ ನೇಮ್‌ಸ್ಪೇಸ್ ಹೋಗುತ್ತದೆ, ಲೋಡ್ ಬ್ಯಾಲೆನ್ಸರ್‌ನ ಬಾಡಿಗೆ ಮುಂದುವರಿಯುತ್ತದೆ.

ಇದೆಲ್ಲ ಆದ ಮೇಲೂ ಮೂರು ಕಡೆ ನೋಡಬೇಕು. ಸ್ಥಿತಿ ‘ಅವೈಲಬಲ್’ ಎಂದಿರುವ ಇಬಿಎಸ್ ವಾಲ್ಯೂಮ್‌ಗಳು. ಅದೇ ಸ್ಥಿತಿಯ ನೆಟ್‌ವರ್ಕ್ ಇಂಟರ್‌ಫೇಸ್‌ಗಳು, ಇವು ನೋಡ್ ಹಠಾತ್ತನೆ ಹೋದಾಗ ಪ್ಲಗಿನ್ ಬಿಟ್ಟುಹೋಗುವಂಥವು. ಕ್ಲಸ್ಟರ್ ಅಳಿಯುವ ಕೊನೆಯ ಕ್ಷಣದಲ್ಲಿ ಬಂದ ಲಾಗ್‌ನಿಂದ ಮರುಹುಟ್ಟು ಪಡೆದ ಲಾಗ್ ಗ್ರೂಪ್. ಈ ಕೊನೆಯದನ್ನು ತೆಗೆಯದಿದ್ದರೆ ಮುಂದಿನ ಅಪ್ಲೈ ‘ಆಲ್‌ರೆಡಿ ಎಕ್ಸಿಸ್ಟ್ಸ್’ ಎಂದು ನಿಲ್ಲುತ್ತದೆ. ಕೆಎಂಎಸ್ ಕೀ ತಕ್ಷಣ ಅಳಿಯುವುದಿಲ್ಲ. 7ರಿಂದ 30 ದಿನ ಕಾಯುವ ಅವಧಿ ಇದೆ, ಏನೂ ಹೇಳದಿದ್ದರೆ 30.

ಹೀಗೆ ಉಳಿದವನ್ನು ಟ್ಯಾಗ್‌ನಿಂದ ಹುಡುಕುವುದೇ ಸುಲಭ. ಆದರೆ ಪ್ರೊವೈಡರ್‌ನ ‘ಡಿಫಾಲ್ಟ್_ಟ್ಯಾಗ್ಸ್’ ಟೆರಾಫಾರ್ಮ್ ಸೃಷ್ಟಿಸಿದ್ದಕ್ಕೆ ಮಾತ್ರ ಅಂಟುತ್ತವೆ. ನೋಡ್‌ಗಳಿಗೂ ಅವುಗಳ ಡಿಸ್ಕ್‌ಗಳಿಗೂ ಲಾಂಚ್ ಟೆಂಪ್ಲೇಟ್‌ನ ‘ಟ್ಯಾಗ್_ಸ್ಪೆಸಿಫಿಕೇಷನ್ಸ್’ನಲ್ಲಿ, ಪಿವಿಸಿಯ ವಾಲ್ಯೂಮ್‌ಗಳಿಗೆ ಇಬಿಎಸ್ ಡ್ರೈವರ್‌ನ ‘ಎಕ್ಸ್‌ಟ್ರಾ ವಾಲ್ಯೂಮ್ ಟ್ಯಾಗ್ಸ್’ನಲ್ಲಿ, ಲೋಡ್ ಬ್ಯಾಲೆನ್ಸರ್‌ಗಳಿಗೆ ಅವುಗಳ ಕಂಟ್ರೋಲರ್‌ನ ‘ಡಿಫಾಲ್ಟ್ ಟ್ಯಾಗ್ಸ್’ನಲ್ಲಿ ಅದೇ ಟ್ಯಾಗ್‌ಗಳನ್ನು ಬೇರೆಬೇರೆಯಾಗಿ ಕೊಡಬೇಕು. ಕಟ್ಟುವ ದಿನವೇ ಈ ನಾಲ್ಕೂ ಕಡೆ ಒಂದೇ ಲೋಕಲ್ ವೇರಿಯಬಲ್‌ನಿಂದ ತುಂಬಿದ್ದರೆ, ಕೆಡವಿದ ಮೇಲೆ ಟ್ಯಾಗಿಂಗ್ ಎಪಿಐಗೆ ಒಂದು ಪ್ರಶ್ನೆ ಕೇಳಿದರೆ ಉಳಿದದ್ದರ ಪಟ್ಟಿಯಲ್ಲಿ ಬಹುಪಾಲು ಸಿಗುತ್ತದೆ. ಪ್ಲಗಿನ್ ಬಿಟ್ಟ ಇಂಟರ್‌ಫೇಸ್‌ಗಳನ್ನೂ ಇಕೆಎಸ್ ಹುಟ್ಟಿಸಿದ ಲಾಗ್ ಗ್ರೂಪ್ ಅನ್ನೂ ಮಾತ್ರ ಹೆಸರಿನಿಂದ ಹುಡುಕಬೇಕು.